ನೀರು ಒಳಗೆ ಬಂದೇ ಬರುತ್ತದೆ: ಕೊಡಗಿನ ಮಳೆ ನಡಿಗೆಗೆ ಎಂಥ ಶೂ?

ಶೂ ಅಂಗಡಿಗೆ ಹೋದವರು ಕೇಳುವ ಮೊದಲ ಪ್ರಶ್ನೆ, ‘ಇದು ವಾಟರ್‌ಪ್ರೂಫಾ?’ ಕೊಡಗಿನ ಮಳೆಯಲ್ಲಿ ದಿನವಿಡೀ ನಡೆಯುವ ಯೋಚನೆಯಿದ್ದರೆ ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಬಿಡಿ. ಭಾಗಮಂಡಲದ ಸುತ್ತ ವರ್ಷಕ್ಕೆ ಸುಮಾರು 6000 ಮಿ.ಮೀ. ಮಳೆ ಬೀಳುತ್ತದೆ. ಈಗಲೂ ಇಂಚಿನಲ್ಲೇ ಮಳೆ ಲೆಕ್ಕ ಹಾಕುವ ಇಲ್ಲಿನ ಬೆಳೆಗಾರರ ಮಾತಿನಲ್ಲಿ ಹೇಳುವುದಾದರೆ 240 ಇಂಚಿನ ಆಸುಪಾಸು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೆ ಸುರಿದು ಮುಗಿಯುತ್ತದೆ. ಹೀಗೆ ಸುರಿಯುವಾಗ ನೀರು ಶೂವಿನ ಚರ್ಮ ತೂರಿಕೊಂಡು ಬರಬೇಕೆಂದೇನೂ ಇಲ್ಲ. ಪ್ಯಾಂಟಿನ ಗುಂಟ ಇಳಿದು ಕಾಲುಚೀಲಕ್ಕೆ, ಅಲ್ಲಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಬೆರಳ ಸಂದಿಗೆ ತಾನೇ ದಾರಿ ಮಾಡಿಕೊಂಡು ಬರುತ್ತದೆ. ಎಷ್ಟು ದುಡ್ಡು ಕೊಟ್ಟ ಶೂ ಆದರೂ ಕಾಲು ತೂರಿಸಲು ಮೇಲೊಂದು ಬಾಯಿ ಇರಲೇಬೇಕಲ್ಲ.

ಹಾಗಾಗಿ ಕೇಳಬೇಕಾದದ್ದು ಬೇರೆ. ಒಳಗೆ ಬಂದ ನೀರು ಎಷ್ಟು ಬೇಗ ಹೊರಗೆ ಹೋಗುತ್ತದೆ? ಒದ್ದೆಯಾದ ಮೇಲೆ ಶೂ ಎಷ್ಟು ಭಾರವಾಗುತ್ತದೆ? ಕೆಂಪು ಕೆಸರಿನಲ್ಲೂ ಒದ್ದೆ ಬಂಡೆಯ ಮೇಲೂ ಅಟ್ಟೆ ನೆಲ ಹಿಡಿಯುತ್ತದೆಯೇ? ನೆನೆದು ಮೆತ್ತಗಾದ ಕಾಲನ್ನು ಅದು ಕಚ್ಚುತ್ತದೆಯೇ? ಒಂದು ಜೊತೆ ಶೂ ಈ ನಾಲ್ಕರಲ್ಲಿ ಪಾಸಾದರೆ ಬಣ್ಣ, ಬ್ರ್ಯಾಂಡ್, ಬೆಲೆ ಇವೆಲ್ಲ ಆಮೇಲಿನ ಮಾತು.

ಯಾವ ಕೊಡಗು, ಯಾವ ತಿಂಗಳು

ಕೊಡಗೆಂದರೆ ಎಲ್ಲ ಕಡೆ ಒಂದೇ ಮಳೆ ಅಲ್ಲ. ಕುಶಾಲನಗರದ ಕಡೆ ಬೀಳುವುದು ಭಾಗಮಂಡಲದ ಮಳೆಯ ಐದರಲ್ಲೊಂದು ಪಾಲಿನಷ್ಟು. ಎರಡೂ ಊರು ಒಂದೇ ಜಿಲ್ಲೆಯಲ್ಲಿವೆ, ಆದರೆ ಕಾಲಿಗೆ ಅವು ಬೇರೆ ಬೇರೆ ದೇಶ. ಕುಶಾಲನಗರದ ಜಿನುಗು ಮಳೆಗೆ, ಟಾರು ರಸ್ತೆಯ ನಡಿಗೆಗೆ ಚೆನ್ನಾಗಿ ಕೆಲಸ ಮಾಡುವ ಶೂ ಕಕ್ಕಬ್ಬೆಯ ಬೆಟ್ಟದ ಬುಡ ತಲುಪುವಷ್ಟರಲ್ಲಿ ನೀರು ತುಂಬಿದ ಬಕೆಟ್ ಆಗಿರುತ್ತದೆ.

ತಿಂಗಳಿನ ಮಾತೂ ಹಾಗೆಯೇ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡದಲ್ಲಿ ಕೊಡಗಿನವರು ಹಿಂದಿನಿಂದಲೂ ಗದ್ದೆ ಕೆಲಸ ಬಿಟ್ಟು ಬೇರೆ ಓಡಾಟ ಇಟ್ಟುಕೊಳ್ಳುತ್ತಿರಲಿಲ್ಲ, ಶುಭಕಾರ್ಯಗಳೂ ಇಲ್ಲ. ಆ ದಿನಗಳಲ್ಲಿ ಬೆಟ್ಟ ಹತ್ತಬೇಡಿ ಎಂದೇ ನನ್ನ ಸಲಹೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಜರಿದದ್ದನ್ನು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬಳಿಯೇ ಬೆಟ್ಟ ಕುಸಿದು ಅರ್ಚಕರ ಕುಟುಂಬವನ್ನು ಬಲಿ ತೆಗೆದುಕೊಂಡದ್ದನ್ನು ಯಾರೂ ಮರೆತಿಲ್ಲ. ಅಂಥ ಮಳೆಗೆ ಶೂ ಆರಿಸುವುದೆಂಬುದೇ ಇಲ್ಲ. ನಡೆಯಲು ತಕ್ಕ ಒದ್ದೆ ಕಾಲ ಎಂದರೆ ಮುಂಗಾರು ಶುರುವಾಗುವ ಮೊದಲ ಕೆಲವು ದಿನ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ. ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಭಾಗಮಂಡಲದಿಂದ ತಲಕಾವೇರಿಗೆ ಎಂಟು ಕಿ.ಮೀ. ಏರು ರಸ್ತೆಯನ್ನು ನಡೆದೇ ಹೋಗುವವರಿದ್ದಾರೆ. ಅವರಿಗೂ ಒಂದು ಹನಿ ತಪ್ಪುವುದಿಲ್ಲ. ಕಾಡಿನ ಹಾದಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆ ಜೋರಾದಾಗ ಹಾದಿಗಳನ್ನು ಮುಚ್ಚುವುದೂ ಉಂಟು. ಹೊರಡುವ ಮೊದಲು ವಿಚಾರಿಸಿಕೊಳ್ಳಿ.

ಒಂದೇ ದಿನ, ಐದು ಬಗೆಯ ನೆಲ

ತಡಿಯಂಡಮೋಳನ್ನೇ ನೋಡಿ. 1748 ಮೀಟರ್ ಎತ್ತರದ ಇದು ಕೊಡಗಿನ ಅತಿ ಎತ್ತರದ ಬೆಟ್ಟ. 1790ರ ದಶಕದಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆಯ ಹತ್ತಿರದಿಂದ ನಡೆಯಲು ಶುರು ಮಾಡಿದರೆ ಮೊದಲು ಸಿಗುವುದು ಟಾರು, ಕಾಂಕ್ರೀಟಿನ ಏರು ರಸ್ತೆ. ನೋಡಲು ಸುಲಭ. ಆದರೆ ಮರದ ನೆರಳಿರುವ ಕಡೆ ಕಾಂಕ್ರೀಟಿನ ಮೇಲೆ ತೆಳ್ಳಗೆ ಹಸಿರು ಪಾಚಿ ಕೂತಿರುತ್ತದೆ. ಆಮೇಲೆ ತೋಟದ ಜೀಪ್ ಹಾದಿ, ಬಿಡಿಗಲ್ಲು, ಚಕ್ರದ ಗುರುತಿನಲ್ಲಿ ನಿಂತ ಕೆಂಪು ನೀರು. ನಡುವೆ ಹಾದಿಗೆ ಅಡ್ಡ ಬರುವ ಕೊಲ್ಲಿಗಳು, ಅಂದರೆ ಸಣ್ಣ ತೊರೆಗಳು. ಅರ್ಧ ಹಾದಿಯ ದೊಡ್ಡ ಬಂಡೆ ದಾಟಿದರೆ ಹುಲ್ಲಿನ ಏರು, ಅದರ ಮೇಲೆ ಬೇರು ಹೆಣೆದುಕೊಂಡ ಶೋಲಾ ಕಾಡಿನ ಕಡಿದಾದ ಹಾದಿ, ಕೊನೆಗೆ ಮತ್ತೆ ಹುಲ್ಲು, ಮಂಜು, ಗಾಳಿ. ಬರುವಾಗ ಇದೇ ಸರಣಿ ತಿರುವುಮುರುವು, ಅದೂ ಸೋತ ಕಾಲಿನಲ್ಲಿ.

ಸೋಮವಾರಪೇಟೆ ಕಡೆಯ ಪುಷ್ಪಗಿರಿಯಲ್ಲಿ (1712 ಮೀ.) ಪರೀಕ್ಷೆ ಬೇರೆ ಥರದ್ದು. ಬೀದಳ್ಳಿ ಕಡೆಯಿಂದ ಹತ್ತುವಾಗ ಕಾಡು ಮುಗಿಯುತ್ತಲೇ ಅಗಲಗಲ ಬಂಡೆ ಹಾಸು ಬರುತ್ತದೆ. ಅದರ ಮೇಲೆ ನೀರು ಹರಿಯುತ್ತಿದ್ದರೆ ಕೆಸರಿಗೆಂದು ಮಾಡಿದ ಗಟ್ಟಿ ಹಲ್ಲಿನ ಅಟ್ಟೆಗೆ ಅಲ್ಲಿ ಏನೂ ಕೆಲಸವಿಲ್ಲ. ಇರುಪ್ಪು ಜಲಪಾತದ ಕಡೆಯಿಂದ ಬ್ರಹ್ಮಗಿರಿಗೆ ಹೋಗುವ ಹಾದಿಯಲ್ಲಿ ಎದುರಾಗುವುದು ಜಿಗಣೆ ಮತ್ತು ಆಳೆತ್ತರದ ಒದ್ದೆ ಹುಲ್ಲು.

ಇಷ್ಟಕ್ಕೆಲ್ಲ ಹೊಂದುವ ಒಂದೇ ಶೂ ಇಲ್ಲ. ಆದರೆ ಯಾವುದು ಎಲ್ಲಿ ಕೈಕೊಡುತ್ತದೆ ಎಂದು ಗೊತ್ತಿದ್ದರೆ ಆರಿಸಿಕೊಳ್ಳುವುದು ಕಷ್ಟವಲ್ಲ.

ಗಮ್‌ಬೂಟು

ಮಳೆಗಾಲದ ಕೊಡಗಿನಲ್ಲಿ ಅತಿ ಹೆಚ್ಚು ಕಾಣುವ ಪಾದರಕ್ಷೆ ಇದೇ. ತೋಟದ ಕೆಲಸದವರು, ಮಾಲೀಕರು, ಹಾಲು ತರುವವರು ಎಲ್ಲರ ಮನೆ ಬಾಗಿಲಲ್ಲೂ ಒಂದೊಂದು ಜೊತೆ. ಚಾರ್ಲ್ಸ್ ಗುಡ್‌ಇಯರ್ ರಬ್ಬರನ್ನು ಗಂಧಕದ ಜೊತೆ ಬೇಯಿಸಿ ಗಟ್ಟಿ ಮಾಡುವ ವಿದ್ಯೆ ಕಂಡುಹಿಡಿದದ್ದು 1839ರಲ್ಲಿ. 1853ರಲ್ಲಿ ಹೈರಮ್ ಹಚಿನ್ಸನ್ ಎಂಬಾತ ಫ್ರಾನ್ಸಿನಲ್ಲಿ ರೈತರಿಗಾಗಿ ರಬ್ಬರ್ ಬೂಟು ಮಾಡತೊಡಗಿದ. ಆ ಹೊತ್ತಿನಿಂದ ಇದರ ಆಕಾರ ಹೆಚ್ಚೇನೂ ಬದಲಾಗಿಲ್ಲ. ತೋಟಕ್ಕೆ ಇದು ಸರಿಯಾಗಿಯೇ ಹೊಂದುತ್ತದೆ. ಹಾವಿಗೆ, ಮುಳ್ಳಿಗೆ, ಜಿಗಣೆಗೆ ಅಡ್ಡ ನಿಲ್ಲುತ್ತದೆ. ದಿನಕ್ಕೆ ಹತ್ತು ಸಲ ಕಳಚಿ ಹಾಕಿಕೊಳ್ಳಬಹುದು. ಬೆಲೆಯೂ ಕೆಲವು ನೂರು ರೂಪಾಯಿ ಅಷ್ಟೆ.

ಹದಿನೈದು ಇಪ್ಪತ್ತು ಕಿ.ಮೀ. ನಡಿಗೆಗೆ ಮಾತ್ರ ಬೇಡ. ಲೇಸ್ ಇಲ್ಲದ್ದರಿಂದ ಪ್ರತಿ ಹೆಜ್ಜೆಗೂ ಹಿಮ್ಮಡಿ ಮೇಲೆದ್ದು ಉಜ್ಜುತ್ತದೆ. ಇಳಿಜಾರಿನಲ್ಲಿ ಕಾಲು ಮುಂದಕ್ಕೆ ಜಾರಿ ಹೆಬ್ಬೆರಳಿನ ಉಗುರು ಬಡಿಸಿಕೊಳ್ಳುತ್ತದೆ. ಬೂಟಿನ ಬಾಯಂಚು ಮೀನಖಂಡವನ್ನು ಕೆರೆದು ಕೆಂಪು ಮಾಡುತ್ತದೆ. ಹೊರಗಿನ ನೀರು ಬರದಿದ್ದರೂ ಒಳಗೆ ಬೆವರಿಗೆ ದಾರಿಯಿಲ್ಲ, ಎರಡು ಗಂಟೆಯಲ್ಲಿ ಕಾಲುಚೀಲ ಹಿಂಡುವಂತಾಗಿರುತ್ತದೆ. ಕೊಲ್ಲಿ ದಾಟುವಾಗ ಒಮ್ಮೆ ಬಾಯಿಯ ಮಟ್ಟ ಮೀರಿ ನೀರು ನುಗ್ಗಿತೆಂದರೆ ಅಲ್ಲೇ ಕೂತು ಬೂಟು ಕಳಚಿ ಬಗ್ಗಿಸಬೇಕು.

ಹತ್ತು ಸಾವಿರದ ವಾಟರ್‌ಪ್ರೂಫ್ ಬೂಟು

ಪಟ್ಟಣದಿಂದ ಬರುವವರ ಕಾಲಲ್ಲಿ ಹೆಚ್ಚಾಗಿ ಕಾಣುವುದು ಕಣಕಾಲು ಮುಚ್ಚುವ ದಪ್ಪ ಬೂಟು. ಅದರ ನಾಲಿಗೆಯ ಮೇಲೋ ಪಕ್ಕದಲ್ಲೋ ಗೋರ್‌ಟೆಕ್ಸ್ ಅಥವಾ ಅಂಥದೇ ಹೆಸರಿನ ಸಣ್ಣ ಚೀಟಿ. ಅಮೆರಿಕದ ಬಾಬ್ ಗೋರ್ 1969ರಲ್ಲಿ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಝಟ್ಟನೆ ಎಳೆದಾಗ ಅದು ಕೋಟ್ಯಂತರ ಸೂಕ್ಷ್ಮ ರಂಧ್ರಗಳ ಹಾಳೆಯಾಯಿತು. ನೀರಿನ ಹನಿ ಅದರೊಳಗೆ ಹೋಗದು, ಬೆವರಿನ ಆವಿ ಹೊರಗೆ ಹೋದೀತು. ತತ್ವ ಸರಿಯಾಗಿದೆ. ಆದರೆ ಆವಿ ಹೊರಗೆ ಹೋಗಬೇಕಾದರೆ ಹೊರಗಿನ ಗಾಳಿ ಒಳಗಿನದಕ್ಕಿಂತ ಒಣಗಿರಬೇಕು. ಮಂಜು ಮುಸುಕಿದ ಜುಲೈ ತಿಂಗಳ ಮಡಿಕೇರಿಯಲ್ಲಿ ಗಾಳಿಯೇ ಒದ್ದೆ. ಮೇಲಿನ ಬಟ್ಟೆ ನೆನೆದು ನೀರಿನ ಪೊರೆ ಕಟ್ಟಿದ ಮೇಲಂತೂ ಆವಿಯ ಓಡಾಟ ನಿಂತೇ ಹೋಗುತ್ತದೆ. ಆಗ ಕಾಲು ತನ್ನ ಬೆವರಿನಲ್ಲೇ ನೆನೆಯುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಮೇಲಿನಿಂದ ನೀರು ಬಂದಾಗ. ನೀರನ್ನು ಒಳಗೆ ಬಿಡದ ಹಾಳೆ ಹೊರಗೂ ಬಿಡುವುದಿಲ್ಲ. ದಪ್ಪ ಸ್ಪಂಜಿನ ಒಳಪದರು ಅದನ್ನು ಹೀರಿ ಕೂರುತ್ತದೆ. ಮಳೆಗಾಲದಲ್ಲಿ ಅದು ಒಣಗಲು ಎರಡು ಮೂರು ದಿನ ಬೇಕು. ಮಾರನೆಯ ದಿನ ಮತ್ತೆ ನಡೆಯಬೇಕಾದವರಿಗೆ ಅಷ್ಟು ಸಮಯ ಎಲ್ಲಿದೆ? ‘ಅಷ್ಟು ದುಡ್ಡು ಕೊಟ್ಟದ್ದು ದಂಡವಾಯಿತಾ?’ ಎಂದು ಕೇಳುವವರಿಗೆ, ದಂಡವಲ್ಲ. ನವೆಂಬರ್ ಬೆಳಗಿನ ಇಬ್ಬನಿ ಹುಲ್ಲಿಗೆ, ಚಳಿಯ ಊರಿಗೆ, ಜಿನುಗು ಮಳೆಯ ರಸ್ತೆಗೆ ಅದು ಒಳ್ಳೆಯ ಶೂವೇ. ಪಶ್ಚಿಮ ಕೊಡಗಿನ ಮುಂಗಾರಿಗೆ ತರುವುದು ಬೇಡ, ಅಷ್ಟೆ.

ನಾನು ಆರಿಸುವುದು

ಗಿಡ್ಡನೆಯ, ಹಗುರವಾದ, ಜಾಲರಿ ಮೈಯ ಟ್ರೇಲ್ ಶೂ. ವಾಟರ್‌ಪ್ರೂಫ್ ಪದರು ಇಲ್ಲದ್ದು, ಅಟ್ಟೆಗೆ ಆಳವಾದ ಹಲ್ಲುಗಳಿರುವಂಥದು. ನೀರು ಬರುತ್ತದೆ, ಹತ್ತಿಪ್ಪತ್ತು ಹೆಜ್ಜೆ ಹಾಕಿದರೆ ಹಿಂಡಿಕೊಂಡು ಹೊರಗೆ ಹೋಗುತ್ತದೆ. ಕಾಲು ಒದ್ದೆಯಾಗಿಯೇ ಇರುತ್ತದೆ, ಆದರೆ ನೀರಿನಲ್ಲಿ ಮುಳುಗಿ ಕೂರುವುದಿಲ್ಲ. ಕಾಡಿನ ಯುದ್ಧಕ್ಕೆ ಬೂಟು ಮಾಡಿದವರೂ ಇದೇ ತೀರ್ಮಾನಕ್ಕೆ ಬಂದರು. ವಿಯೆಟ್ನಾಂನಲ್ಲಿ ಅಮೆರಿಕದ ಸೈನಿಕರಿಗೆ ಕೊಟ್ಟ ಕ್ಯಾನ್ವಾಸ್ ಬೂಟಿನ ಪಕ್ಕದಲ್ಲಿ, ಅಟ್ಟೆಗಿಂತ ಸ್ವಲ್ಪ ಮೇಲೆ, ನೀರು ಹೋಗಲೆಂದೇ ಎರಡು ತೂತು ಇಟ್ಟಿದ್ದರು.

ದುಡ್ಡು ಕಡಿಮೆ ಇದ್ದವರಿಗೆ ಕ್ಯಾನ್ವಾಸಿನ ಜಂಗಲ್ ಶೂ ಈಗಲೂ ಒಳ್ಳೆಯ ದಾರಿ. ರಬ್ಬರ್ ಅಟ್ಟೆ, ಬಟ್ಟೆಯ ಮೈ, ಒಳಗೆ ಸ್ಪಂಜು ಕಡಿಮೆ. ನೇಪಾಳದ ಬೆಟ್ಟಗಳಲ್ಲಿ ಹೊರೆ ಹೊರುವವರು ಅಂಥದೇ ಅಗ್ಗದ ಗೋಲ್ಡ್‌ಸ್ಟಾರ್ ಶೂ ಹಾಕಿಕೊಂಡು ಓಡಾಡುತ್ತಾರೆ. ಕೊಂಡ ಕೂಡಲೇ ಚಪ್ಪಲಿ ಹೊಲಿಯುವವರ ಬಳಿ ಒಯ್ದು ಅಟ್ಟೆಯ ಸುತ್ತ ನೈಲಾನ್ ದಾರದ ಹೊಲಿಗೆ ಹಾಕಿಸಿ. ಅಂಟು ಬಿಟ್ಟರೂ ಹೊಲಿಗೆ ಬಿಡುವುದಿಲ್ಲ. ಹೊಲಿಗೆಯ ತೂತಿನಿಂದ ನೀರು ಬರುತ್ತದಲ್ಲ ಎಂಬ ಚಿಂತೆ ಇಲ್ಲಿ ಬೇಕಿಲ್ಲ.

ಪಟ್ಟಿ ಬಿಗಿಯುವ ಸ್ಯಾಂಡಲ್ ಬಗ್ಗೆ ಎರಡು ಅಭಿಪ್ರಾಯವಿದೆ. ಭಾಗಮಂಡಲ–ತಲಕಾವೇರಿಯಂಥ ರಸ್ತೆ ನಡಿಗೆಗೆ ಅದಕ್ಕಿಂತ ಆರಾಮ ಬೇರಿಲ್ಲ. ಜಿಗಣೆ ಹತ್ತಿದರೆ ಕಣ್ಣಿಗೆ ಕಾಣುತ್ತದೆ, ತಕ್ಷಣ ತೆಗೆಯಬಹುದು ಎಂದು ಅದನ್ನೇ ಮೆಚ್ಚುವವರೂ ಇದ್ದಾರೆ. ಆದರೆ ಕಾಡಿನ ಹಾದಿಯಲ್ಲಿ ಬೇರಿಗೆ ಬೆರಳು ಎಡವುತ್ತದೆ, ಪಟ್ಟಿಯ ಕೆಳಗೆ ಮರಳು ಸೇರಿ ಚರ್ಮ ತರಿಯುತ್ತದೆ. ಕಾಲಿಗೆ ಗಾಯವಾಗಿದ್ದರೆ ಕೆಸರುನೀರಿನಿಂದ ಇಲಿಜ್ವರದ ಭಯವೂ ಇದೆ. ಹರಕೆ ಹೊತ್ತು ಬರಿಗಾಲಲ್ಲಿ ನಡೆಯುವವರು ಈ ಕೊನೆಯ ಮಾತನ್ನು ನೆನಪಿಟ್ಟರೆ ಸಾಕು: ಗಾಯವಿದ್ದರೆ ನಡಿಗೆಗೆ ಮುನ್ನ ಮುಚ್ಚಿ, ಮುಗಿದ ಮೇಲೆ ಸೋಪಿನಲ್ಲಿ ತೊಳೆಯಿರಿ. ವಾರದೊಳಗೋ ಎರಡು ವಾರದೊಳಗೋ ಜ್ವರ, ಮೈಕೈ ನೋವು ಬಂದರೆ ಕೆಸರಲ್ಲಿ ನಡೆದದ್ದನ್ನು ಡಾಕ್ಟರಿಗೆ ಹೇಳಿ.

ಕೊಡಗಿನ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. 1997ರಲ್ಲಿ ಕರಡದಲ್ಲಿ ಕೊಡವ ಕೌಟುಂಬಿಕ ಹಾಕಿ ಹಬ್ಬ ಶುರುವಾಗುವ ಮುಂಚಿನಿಂದಲೂ ಇಲ್ಲಿ ಹಾಕಿ ಆಡದ ಮನೆ ಅಪರೂಪ. ಹಾಗಾಗಿ, ‘ಹಾಕಿ ಶೂ ಇದೆಯಲ್ಲ, ಟರ್ಫ್‌ನಲ್ಲಿ ನೀರಿದ್ದರೂ ಜಾರುವುದಿಲ್ಲ, ಅದು ಸಾಲದಾ?’ ಸಾಲದು. ಟರ್ಫ್ ಶೂವಿನ ಗುಬ್ಬಿಗಳು ಸಣ್ಣವು, ಒತ್ತೊತ್ತಾಗಿರುತ್ತವೆ. ಜೇಡಿ ಮಣ್ಣು ಅವುಗಳ ಸಂದಿಯಲ್ಲಿ ಮೆತ್ತಿಕೊಂಡು ಹತ್ತು ನಿಮಿಷದಲ್ಲಿ ಅಟ್ಟೆ ನುಣ್ಣಗಾಗುತ್ತದೆ.

ಅಟ್ಟೆ ತಿರುಗಿಸಿ ನೋಡಿ

ಶೂ ಕೊಳ್ಳುವಾಗ ಜನ ಮುಖ ನೋಡುತ್ತಾರೆ, ಕವುಚಿ ನೋಡುವುದಿಲ್ಲ. ಮಳೆಗೆ ಮುಖ್ಯವಾದದ್ದು ಕೆಳಗಿನ ಭಾಗವೇ. 1937ರಲ್ಲಿ ಇಟಲಿಯ ವಿತಾಲೆ ಬ್ರಮಾನಿ ಪರ್ವತಾರೋಹಿಗಳಿಗಾಗಿ ಹಲ್ಲುಹಲ್ಲಾದ ರಬ್ಬರ್ ಅಟ್ಟೆ ರೂಪಿಸಿದ. ಅದಕ್ಕೆ ಎರಡು ವರ್ಷ ಮೊದಲು ಆಲ್ಪ್ಸ್‌ನಲ್ಲಿ ಸರಿಯಾದ ಬೂಟಿಲ್ಲದೆ ಅವನ ಆರು ಗೆಳೆಯರು ಸತ್ತಿದ್ದರು. ವೈಬ್ರಮ್ ಎಂಬ ಹಳದಿ ಗುರುತು ಬಂದದ್ದು ಅವನ ಹೆಸರಿನಿಂದಲೇ.

ಕೆಸರಿಗೆ ಬೇಕಾದದ್ದು ಆಳವಾದ ಹಲ್ಲು, ಅಂದಾಜು ನಾಲ್ಕೈದು ಮಿ.ಮೀ. ಹಲ್ಲುಗಳ ನಡುವೆ ಕಿರುಬೆರಳ ತುದಿ ಹೋಗುವಷ್ಟು ಜಾಗವಿದ್ದರೆ ಮೆತ್ತಿದ ಮಣ್ಣು ನಡೆಯುತ್ತಲೇ ಉದುರುತ್ತದೆ. ಒದ್ದೆ ಬಂಡೆಗೆ ಬೇಕಾದದ್ದು ಮೆದು ರಬ್ಬರು. ಉಗುರಿನಿಂದ ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಮೇಲೇಳಬೇಕು. ಒತ್ತಿದರೆ ಉಗುರೇ ಜಾರುವಂಥ ಗಟ್ಟಿ ಪ್ಲಾಸ್ಟಿಕ್ ಅಟ್ಟೆ ಪುಷ್ಪಗಿರಿಯ ಬಂಡೆ ಹಾಸಿನ ಮೇಲೆ ಬೇಡವೇ ಬೇಡ. ಎರಡು ಗುಣವೂ ಒಟ್ಟಿಗಿರುವ ಅಟ್ಟೆ ಬೇಗ ಸವೆಯುತ್ತದೆ, ಟಾರು ರಸ್ತೆಯಲ್ಲಿ ಇನ್ನೂ ಬೇಗ. ಅದಕ್ಕೇ ಅದನ್ನು ದಿನನಿತ್ಯಕ್ಕೆ ಹಾಕಿಕೊಳ್ಳದೆ ಬೆಟ್ಟಕ್ಕೆಂದೇ ಇಟ್ಟುಕೊಳ್ಳಬೇಕು.

ಪಾಚಿಯ ಮೇಲೆ ಯಾವ ರಬ್ಬರೂ ನಿಲ್ಲುವುದಿಲ್ಲ. ಇದನ್ನು ಕೊಡಗಿನ ಗೃಹಿಣಿಯರಿಗೆ ಹೇಳಬೇಕಾಗಿಲ್ಲ, ಜೂನ್ ಬಂತೆಂದರೆ ಅಂಗಳಕ್ಕೂ ಮೆಟ್ಟಿಲಿಗೂ ಬ್ಲೀಚಿಂಗ್ ಪೌಡರ್ ಚೆಲ್ಲಿ ಉಜ್ಜುವುದು ವರ್ಷವರ್ಷದ ಕೆಲಸ. ಕಾಡಿನಲ್ಲಿ ಬ್ಲೀಚಿಂಗ್ ಪೌಡರ್ ಇಲ್ಲ. ಹಾಗಾಗಿ ಹೆಜ್ಜೆ ಬದಲಿಸಬೇಕು. ತುದಿಗಾಲಲ್ಲಿ ಅಲ್ಲ, ಇಡೀ ಪಾದ ಊರಿ, ಸಣ್ಣ ಸಣ್ಣ ಹೆಜ್ಜೆ. ಒದ್ದೆ ಬೇರಿನ ಮೇಲೆ ಕಾಲಿಡದೆ ಅದನ್ನು ದಾಟಿ ಇಡಿ. ಬಿದ್ದ ಸಿಲ್ವರ್ ಓಕ್ ಎಲೆಯ ರಾಶಿಯ ಕೆಳಗೆ ಏನಿದೆ ಎಂದು ಕೋಲಿನಿಂದ ನೋಡಿ. ಕೋಲೊಂದು ಕೈಯಲ್ಲಿದ್ದರೆ ಅರ್ಧ ಶೂ ಇದ್ದ ಹಾಗೆ.

ಕಚ್ಚದ ಶೂ

ನೆನೆದ ಚರ್ಮ ಬಿಳಿಚಿ ಮೆತ್ತಗಾಗುತ್ತದೆ, ಒಣ ಚರ್ಮಕ್ಕಿಂತ ಹೆಚ್ಚು ಉಜ್ಜಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಂದು ದಿನವೂ ಕಚ್ಚದ ಶೂ ಮಳೆಯಲ್ಲಿ ಎಂಟನೇ ಕಿ.ಮೀ.ಗೆ ನೀರ್ಗುಳ್ಳೆ ಎಬ್ಬಿಸುವುದು ಇದೇ ಕಾರಣಕ್ಕೆ. ಕಾಲಿನ ಅಳತೆ ಸಂಜೆ ಹೊತ್ತು ನೋಡಿ, ಆಗ ಪಾದ ಸ್ವಲ್ಪ ಊದಿರುತ್ತದೆ. ನಡಿಗೆಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ. ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಬೇಕು. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ಇಳಿದು ನೋಡಿ, ಇಲ್ಲದಿದ್ದರೆ ಕಾಲ್ಬೆರಳನ್ನು ನೆಲಕ್ಕೆ ಕುಟ್ಟಿ ನೋಡಿ. ಬೆರಳು ಮುಂದಕ್ಕೆ ತಾಗಿತೋ, ತಡಿಯಂಡಮೋಳಿನ ಇಳಿಜಾರಿನಲ್ಲಿ ಉಗುರು ಕಪ್ಪಾಗುವುದು ಖಚಿತ. ಬಾಲ್ಯದಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವರ ಪಾದದ ಮುಂಭಾಗ ಅಗಲವಾಗಿರುತ್ತದೆ. ವಿದೇಶಿ ಅಚ್ಚಿನ ಚೂಪು ಮೂತಿಯ ಶೂ ಅಂಥವರಿಗೆ ಆಗಿಬರುವುದಿಲ್ಲ. ಒಂದು ಸೈಜ್ ದೊಡ್ಡದು ಕೊಂಡರೆ ಉದ್ದ ಹೆಚ್ಚುತ್ತದೆಯೇ ಹೊರತು ಅಗಲದ ಸಮಸ್ಯೆ ಹಾಗೇ ಇರುತ್ತದೆ. ಬೆರಳಿನ ಕಡೆ ಅಗಲವಿರುವ ಮಾದರಿಯನ್ನೇ ಕೇಳಿ.

ಲೇಸ್ ಕಟ್ಟುವ ಬಗೆಯಿಂದಲೂ ಅರ್ಧ ತೊಂದರೆ ತಪ್ಪುತ್ತದೆ. ಮೇಲ್ತುದಿಯಲ್ಲಿ ಒಂದರ ಪಕ್ಕ ಒಂದಾಗಿ ಎರಡು ತೂತುಗಳಿರುತ್ತವೆ. ಕೊನೆಯ ತೂತನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಲೇಸನ್ನು ಅದೇ ಬದಿಯ ಆ ತೂತಿಗೆ ಪೋಣಿಸಿದರೆ ಸಣ್ಣ ಕುಣಿಕೆಯಾಗುತ್ತದೆ. ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ, ಎರಡೂ ಕಡೆ ಹೀಗೆ ಮಾಡಿ, ಹಿಮ್ಮಡಿಯ ಕಡೆಗೆ ಎಳೆದು ಗಂಟು ಹಾಕಿ. ಹಿಮ್ಮಡಿ ಹಿಂದಕ್ಕೆ ಒತ್ತಿ ಕೂರುತ್ತದೆ, ಇಳಿಯುವಾಗ ಪಾದ ಮುಂದೆ ಜಾರುವುದಿಲ್ಲ. ಒದ್ದೆ ಲೇಸ್ ಸಡಿಲವಾಗುತ್ತದೆ, ತುದಿಗೆ ತಲುಪಿದ ಮೇಲೆ, ಇಳಿಯಲು ಶುರು ಮಾಡುವ ಮುಂಚೆ ಮತ್ತೊಮ್ಮೆ ಬಿಗಿಯಿರಿ.

ಹತ್ತಿಯ ಕಾಲುಚೀಲ ಬೇಡ. ನೀರು ಹೀರಿ ಭಾರವಾಗಿ, ಸುಕ್ಕುಗಟ್ಟಿ, ಆ ಸುಕ್ಕೇ ಗುಳ್ಳೆ ಎಬ್ಬಿಸುತ್ತದೆ. ಉಣ್ಣೆ ಅಥವಾ ನೈಲಾನ್ ಮಿಶ್ರಿತ ತೆಳು ಚೀಲ ಆಗಬಹುದು. ಮೆರಿನೋ ಉಣ್ಣೆಯದು ಸಿಕ್ಕರೆ ಇನ್ನೂ ಒಳ್ಳೆಯದು, ಒದ್ದೆಯಾಗಿದ್ದರೂ ಚಳಿ ಹತ್ತಿಸುವುದಿಲ್ಲ. ಹೊರಡುವ ಮುಂಚೆ ಹಿಮ್ಮಡಿಗೂ ಬೆರಳ ಸಂದಿಗೂ ವ್ಯಾಸಲೀನ್ ಸವರಿ. ಬಿಸಿಬಿಸಿ ಉರಿ ಎನಿಸಿದ ಕೂಡಲೇ ನಿಂತು ಅಲ್ಲಿಗೆ ಬಟ್ಟೆಯ ಟೇಪ್ ಹಚ್ಚಿ. ‘ಮುಂದಿನ ತಿರುವಿನಲ್ಲಿ ನೋಡೋಣ’ ಎನ್ನುವಷ್ಟರಲ್ಲಿ ಗುಳ್ಳೆ ಎದ್ದಿರುತ್ತದೆ.

ಜಿಗಣೆಯನ್ನು ಇಂಥ ಶೂ ಒಂದೇ ತಡೆಯಲಾರದು. ಕಣ್ಣು ದೊಡ್ಡದಿರುವ ಜಾಲರಿಯೊಳಗೆ ಮರಿ ಜಿಗಣೆ ನುಸುಳುತ್ತದೆ. ಹಾಗಾಗಿ ಜಾಲರಿ ಒತ್ತೊತ್ತಾಗಿರಲಿ, ನಾಲಿಗೆಯ ಎರಡೂ ಬದಿ ಶೂವಿಗೆ ಹೊಲಿದಿರಲಿ. ಮೊಣಕಾಲಿನವರೆಗೆ ಬರುವ ದಟ್ಟ ನೇಯ್ಗೆಯ ಜಿಗಣೆ ಚೀಲವನ್ನು ಮಾಮೂಲಿ ಕಾಲುಚೀಲದ ಮೇಲೆ ಹಾಕಿ ಪ್ಯಾಂಟನ್ನು ಅದರೊಳಗೆ ಸೇರಿಸಿದರೆ ಮುಕ್ಕಾಲು ಪಾಲು ಕಾಟ ತಪ್ಪಿತು. ಉಪ್ಪು, ನಶ್ಯ, ಸುಣ್ಣ ಮೊದಲೇ ಸವರಿಕೊಂಡು ಹೊರಟರೆ ಮೊದಲ ಕೊಲ್ಲಿಯಲ್ಲೇ ತೊಳೆದು ಹೋಗುತ್ತದೆ. ಅದಕ್ಕಿಂತ ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡು ಬೇಕಾದಾಗ ತಾಗಿಸುವ ಹಳೆಯ ಉಪಾಯವೇ ಲೇಸು. ಕಚ್ಚಿಕೊಂಡದ್ದನ್ನು ಕಿತ್ತೆಳೆಯಬೇಡಿ. ಸಪೂರ ತುದಿಯ ಕೆಳಗೆ ಉಗುರು ತೂರಿಸಿ ಜಾರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಹಿರುಡಿನ್ ಎಂಬ ವಸ್ತು ಬಿಟ್ಟಿರುತ್ತದೆ, ಅದರಿಂದ ಸ್ವಲ್ಪ ಹೊತ್ತು ಸೋರುತ್ತದೆ. ಹೆದರಬೇಕಾದ್ದೇನಿಲ್ಲ, ಕೆರೆದುಕೊಳ್ಳದಿದ್ದರಾಯಿತು.

ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಪರೀಕ್ಷೆ

ಶೂ ಎಷ್ಟು ನೀರು ಹಿಡಿಯುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆ ಯಾರೂ ಬರೆದಿರುವುದಿಲ್ಲ. ನೀವೇ ನೋಡಿಕೊಳ್ಳಬಹುದು. ಒಣ ಶೂ ತೂಗಿ ಬರೆದಿಟ್ಟುಕೊಳ್ಳಿ. ಬಕೆಟ್ಟಿನಲ್ಲಿ ಐದು ನಿಮಿಷ ಮುಳುಗಿಸಿ, ಹಾಕಿಕೊಂಡು ಅಂಗಳದಲ್ಲಿ ಐದು ನಿಮಿಷ ನಡೆದು, ಮತ್ತೆ ತೂಗಿ. ಒಂದೊಂದು ಶೂ ನೂರು ಗ್ರಾಂ ನೀರು ಉಳಿಸಿಕೊಂಡಿತೆನ್ನಿ, ಎರಡಕ್ಕೆ ಇನ್ನೂರು ಗ್ರಾಂ ಆಯಿತು. ಸೈನಿಕರ ಮೇಲೆ ನಡೆದ ಪ್ರಯೋಗಗಳ ಪ್ರಕಾರ ಕಾಲಿಗೆ ಕಟ್ಟಿದ ತೂಕ ಬೆನ್ನಿನ ತೂಕಕ್ಕಿಂತ ಸುಮಾರು ಐದು ಪಟ್ಟು ದಣಿಸುತ್ತದೆ. ಅಂದರೆ ಬ್ಯಾಗಿಗೆ ಒಂದು ಕಿಲೋ ಸೇರಿಸಿದ ಲೆಕ್ಕ. ಇಪ್ಪತ್ತು ಕಿ.ಮೀ. ನಡಿಗೆಯಲ್ಲಿ ಆ ಭಾರವನ್ನು ಇಪ್ಪತ್ತೈದು ಸಾವಿರಕ್ಕೂ ಮೇಲ್ಪಟ್ಟು ಸಲ ಎತ್ತಿಡಬೇಕು. ಕತ್ತಿನ ಪಟ್ಟಿಯಲ್ಲಿ, ನಾಲಿಗೆಯಲ್ಲಿ ದಪ್ಪ ಸ್ಪಂಜು ಇರುವ ಶೂಗಳೇ ಇದರಲ್ಲಿ ಫೇಲಾಗುವುದು. ನೀರು ಹಿಡಿಯುವ ಒಳಅಟ್ಟೆಯಿದ್ದರೆ ತೆಗೆದು ತೆಳ್ಳಗಿನದು ಹಾಕಿದರೂ ಸಾಕಷ್ಟು ವ್ಯತ್ಯಾಸವಾಗುತ್ತದೆ.

ಪರೀಕ್ಷೆ ಮುಗಿದ ಮೇಲೆ ಅದೇ ಒದ್ದೆ ಶೂವಿನಲ್ಲಿ ನಾಲ್ಕೈದು ಕಿ.ಮೀ. ನಡೆದು ಬನ್ನಿ. ಎಲ್ಲಿ ಉಜ್ಜುತ್ತದೆ ಎಂಬುದು ಬೆಟ್ಟದಲ್ಲಿ ಗೊತ್ತಾಗುವುದಕ್ಕಿಂತ ಮನೆಯ ಹತ್ತಿರ ಗೊತ್ತಾದರೆ ಒಳ್ಳೆಯದು.

ರಾತ್ರಿಯ ಕೆಲಸ

ಎರಡು ಮೂರು ದಿನದ ನಡಿಗೆಯಾದರೆ ಹಗಲು ಕಾಲು ಒದ್ದೆ ಎಂದು ಒಪ್ಪಿಕೊಂಡು ರಾತ್ರಿ ಮಾತ್ರ ಒಣಗಿಸಲೇಬೇಕು. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸಾವಿರಾರು ಸೈನಿಕರ ಪಾದ ಕೊಳೆತದ್ದು ಚಳಿನೀರಿನಲ್ಲಿ ದಿನಗಟ್ಟಲೆ ನಿಂತು. ವಿಯೆಟ್ನಾಂನ ಗದ್ದೆಗಳಲ್ಲಿ ಬೆಚ್ಚನೆಯ ನೀರಿನಲ್ಲೂ ಪಾದ ಬಿಳಿಚಿ, ಸುಕ್ಕುಗಟ್ಟಿ, ಹೆಜ್ಜೆಯಿಡಲಾಗದಷ್ಟು ನೋಯುತ್ತಿತ್ತು. ಮದ್ದು ಒಂದೇ: ದಿನಕ್ಕೆ ಏಳೆಂಟು ಗಂಟೆ ಪಾದ ಒಣಗಿರಬೇಕು. ಒಂದು ಜೊತೆ ಕಾಲುಚೀಲವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಲಗುವಾಗ ಹಾಕಲಿಕ್ಕೆಂದೇ ಇಟ್ಟುಕೊಳ್ಳಿ. ಬೆಳಿಗ್ಗೆ ಎಷ್ಟೇ ಆಸೆಯಾದರೂ ಅದನ್ನು ಶೂ ಒಳಗೆ ಹಾಕಬೇಡಿ, ಒದ್ದೆಯ ಚೀಲವನ್ನೇ ಹಿಂಡಿ ಹಾಕಿಕೊಳ್ಳಿ. ಮೊದಲ ಐದು ನಿಮಿಷ ಹಿಂಸೆ, ಆಮೇಲೆ ಮರೆತುಹೋಗುತ್ತದೆ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಶೂ ಕಳಚಿ ಬೆರಳ ಸಂದಿ ಒರೆಸಿ ಗಾಳಿಗೆ ಬಿಡುವುದನ್ನೂ ರೂಢಿ ಮಾಡಿಕೊಳ್ಳಿ.

ಶೂ ಒಣಗಿಸಲು ಒಲೆಯ ಪಕ್ಕ ಇಡುವುದು ಮಳೆನಾಡಿನವರ ಮೊದಲ ಯೋಚನೆ. ಬಟ್ಟೆಗೆ ಅದು ಸರಿ. ಶೂವಿನ ಅಂಟು ಮಾತ್ರ ಕಾವಿಗೆ ಬಿಡುತ್ತದೆ, ಫೋಮ್ ಕುಗ್ಗುತ್ತದೆ, ಚರ್ಮ ಬಿರಿಯುತ್ತದೆ. ಒಳಅಟ್ಟೆ ಹೊರತೆಗೆದು, ಹಳೆಯ ಪೇಪರ್ ಉಂಡೆ ಮಾಡಿ ತುರುಕಿ, ಅರ್ಧ ಗಂಟೆಗೊಮ್ಮೆ ಬದಲಿಸಿ. ಹೋಂಸ್ಟೇಯಲ್ಲಿ ಇಲ್ಲಿನ ದಿನಪತ್ರಿಕೆಯ ಹೆಸರು ಹೇಳಿ ‘ಹಳೇ ಶಕ್ತಿ ಪೇಪರ್ ಇದ್ರೆ ಕೊಡಿ ಅಕ್ಕ’ ಎಂದರೆ ಒಂದು ಕಟ್ಟು ಸಿಗುತ್ತದೆ. ಬೆಳಿಗ್ಗೆ ಹಾಕುವ ಮುಂಚೆ ಶೂ ಕವುಚಿ ಕುಟ್ಟಿ. ಕಪ್ಪೆಯೋ ಚೇಳೋ ರಾತ್ರಿ ಅಲ್ಲಿ ತಂಗಿರಬಹುದು.

ಕೊನೆಯದಾಗಿ, ಕಪಾಟಿನ ಹಳೆಯ ಶೂ. ನಾಲ್ಕೈದು ವರ್ಷದಿಂದ ಬಳಸದೆ ಇಟ್ಟ, ನೋಡಲು ಹೊಸತರಂತಿರುವ ಬೂಟನ್ನು ನಂಬಿ ಹೊರಡಬೇಡಿ. ಅನೇಕ ಬೂಟುಗಳ ನಡು ಅಟ್ಟೆ ಪಾಲಿಯುರೆಥೇನ್‌ನದು. ಗಾಳಿಯ ತೇವಕ್ಕೆ ಅದು ಒಳಗೊಳಗೇ ಪುಡಿಯಾಗುತ್ತದೆ. ಚರ್ಮದ ಮೇಲೆ ವಾರದಲ್ಲಿ ಬೂಷ್ಟು ಹಿಡಿಯುವ ಕೊಡಗಿನಂಥ ಊರಿನಲ್ಲಿ ಅದು ಇನ್ನೂ ಬೇಗ. ಹೆಬ್ಬೆರಳಿನಿಂದ ಅಟ್ಟೆಯ ಪಕ್ಕವನ್ನು ಬಲವಾಗಿ ಒತ್ತಿ, ಶೂವನ್ನು ಮಡಚಿ ನೋಡಿ. ಬಿರುಕು ಕಂಡರೆ, ಪುಡಿ ಉದುರಿದರೆ, ಅದರ ಆಯಸ್ಸು ಮುಗಿದಿದೆ. ಗೊತ್ತಿಲ್ಲದೆ ಹೊರಟು ನಡುದಾರಿಯಲ್ಲಿ ಅಟ್ಟೆ ಬಾಯಿಬಿಟ್ಟರೆ ಎರಡು ಮೀಟರ್ ನೈಲಾನ್ ಹಗ್ಗ ಉಪಯೋಗಕ್ಕೆ ಬರುತ್ತದೆ. ಹಗ್ಗವನ್ನು ಅಟ್ಟೆಯ ಹಲ್ಲುಗಳ ಸಂದಿಯಲ್ಲಿ ಕೂರುವಂತೆ ಮುಂಭಾಗಕ್ಕೆ ಎರಡು ಸುತ್ತು, ನಡುವಿಗೆ ಎರಡು ಸುತ್ತು ಹಾಕಿ, ಗಂಟು ಕಾಲಿನ ಮೇಲ್ಬದಿಗೆ ಬರಲಿ. ಹಲ್ಲಿನ ಮೇಲೆ ಕೂತರೆ ಕಲ್ಲಿಗೆ ಉಜ್ಜಿ ಒಂದು ಕಿ.ಮೀ.ಗೆ ತುಂಡಾಗುತ್ತದೆ. ಬ್ಯಾಗಿನ ಬದಿಯಲ್ಲಿ ಒಂದು ಜೊತೆ ಹವಾಯಿ ಚಪ್ಪಲಿಯೂ ಇರಲಿ. ಉಳಿದುಕೊಂಡ ಮನೆಯ ಅಂಗಳಕ್ಕೆ, ಬಚ್ಚಲಿಗೆ ಅದು ಸಾಕು, ಕೊಲ್ಲಿ ದಾಟಲು ಮಾತ್ರ ಬೇಡ.